ಮಾರ್ಕ್ ಕೂಡಿತ್ತು, ಎಂಜಿನ್ ಹಿಡಿಯಲಿಲ್ಲ: ಮಲ್ಪೆಯ ಒಂದು ಬೋಟಿನ ಪ್ರಕರಣ

ಜುಲೈ 23ರ ಬೆಳಿಗ್ಗೆ ಏಳೂವರೆಗೆ ಬೋಟಿನ ಓನರ್ ಫೋನ್ ಮಾಡಿದರು. “ಮಾರಾಯ್ರೆ, ಎಂಜಿನ್ ತಿರುಗ್ತದೆ, ಹಿಡಿಯುದಿಲ್ಲ. ನಾಲ್ಕು ದಿನ ಆಯ್ತು. ಒಂದನೇ ತಾರೀಕಿಗೆ ಹೇಗೆ ಹೊರಡುದು?”

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲ. ಮಲ್ಪೆ ದಕ್ಕೆಯಲ್ಲಿ (ಬೋಟು ಕಟ್ಟುವ ಬಂದರು ಕಟ್ಟೆಯಲ್ಲಿ) ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ಬಲೆ ಕಟ್ಟುವವರಿಗೆ, ಬಡಗಿಗಳಿಗೆ, ನಮ್ಮಂಥ ಡೀಸೆಲ್ ಕೆಲಸದವರಿಗೆ ಈ ಎರಡು ತಿಂಗಳೇ ಸುಗ್ಗಿ. ಜುಲೈ ಮೂರನೇ ವಾರದ ತನಕ ಎಲ್ಲರೂ ಆರಾಮ, ಅಲ್ಲಿಂದಾಚೆಗೆ ಎಲ್ಲರಿಗೂ ಜ್ವರ. ಹಾಗಾಗಿ ಫೋನ್ ಬಂದದ್ದರಲ್ಲಿ ವಿಶೇಷ ಇರಲಿಲ್ಲ. ವಿಶೇಷ ಇದ್ದದ್ದು ಆ ಎಂಜಿನ್ನಿನಲ್ಲಿ. ಒಂದೇ ಲಕ್ಷಣದ ಹಿಂದೆ ಮೂರು ದೋಷಗಳು, ಅದೂ ಒಂದರ ಬೆನ್ನಿಗೆ ಇನ್ನೊಂದು ಅಡಗಿ ಕೂತಿದ್ದವು. ಮೂರನೆಯದನ್ನು ಹಿಡಿಯಲು ನಾನು ಅರ್ಧ ದಿನ ದಂಡ ಮಾಡಿದೆ. ಅದನ್ನೂ ಸೇರಿಸಿಯೇ ಬರೆಯುತ್ತೇನೆ.

ಹಿನ್ನೆಲೆ

ಬೋಟು ಮರದ್ದು, ಬೆಳಿಗ್ಗೆ ಹೋಗಿ ಸಂಜೆ ಬರುವ ಸಣ್ಣ ಟ್ರಾಲ್ ಬೋಟು. ಮೇ ಕೊನೆಯ ವಾರದಲ್ಲಿ ಆಯಿಲ್ ಪ್ರೆಷರ್ ಬಿದ್ದದ್ದು ಬೋಟು ನಡೆಸುವ ತಾಂಡೇಲನ ಗಮನಕ್ಕೆ ಬರುವಷ್ಟರಲ್ಲಿ ಬೇರಿಂಗ್ ಸುಟ್ಟು, ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ತಿರುಗದ ಹಾಗೆ ಹಿಡಿದುಕೊಂಡು, ಇನ್ನೊಂದು ಬೋಟಿಗೆ ಹಗ್ಗ ಕಟ್ಟಿಸಿಕೊಂಡು ದಕ್ಕೆಗೆ ಬಂದಿತ್ತು. ಬ್ಲಾಕ್ ಕೂಡ ಪೆಟ್ಟು ತಿಂದಿತ್ತು. ರಿಪೇರಿಗಿಂತ ಬೇರೆ ಎಂಜಿನ್ ಕೂರಿಸುವುದೇ ಅಗ್ಗ ಎಂದು ಓನರ್ ಲೆಕ್ಕ ಹಾಕಿ, ಗುಜರಿಗೆ ಹೋದ ಒಂದು ಲಾರಿಯ ಅದೇ ಜಾತಿಯ ಆರು ಸಿಲಿಂಡರಿನ ಎಂಜಿನ್ ತಂದರು. ಲೆಕ್ಕ ತಪ್ಪಲ್ಲ. ಬಂದ ಎಂಜಿನ್ ನಿಜಕ್ಕೂ ಚೆನ್ನಾಗಿತ್ತು.

ಆದರೆ ಅದರ ಮೇಲಿದ್ದ ಡೀಸೆಲ್ ಪಂಪ್ ಸವೆದಿತ್ತು, ವೇಗ ಹತೋಟಿಯಲ್ಲಿಡುವ ಗವರ್ನರ್ ಲಾರಿಯ ಓಟಕ್ಕೆ ಕೂರಿಸಿದ್ದು. ಹಳೆಯ ಎಂಜಿನ್ನಿನ ಪಂಪನ್ನಾದರೋ ಕಳೆದ ವರ್ಷವಷ್ಟೇ ಕ್ಯಾಲಿಬ್ರೇಷನ್ ಮಾಡಿಸಿದ್ದರು. ಎಂಜಿನ್ ಕೂರಿಸಿದ ಮೇಸ್ತ್ರಿ ಅದನ್ನೇ ಬಿಚ್ಚಿ ಹೊಸದಕ್ಕೆ ಹಾಕಿದರು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ: ಹಳೆಯ ಎಂಜಿನ್ ಹಿಡಿದುಕೊಂಡಿತ್ತು, ತಿರುಗುತ್ತಿರಲಿಲ್ಲ. ಅಂದರೆ ಪಂಪ್ ಬಿಚ್ಚುವ ಮುಂಚೆ ಎಂಜಿನ್ನನ್ನು ಸರಿಯಾದ ಜಾಗಕ್ಕೆ ತಂದು ಗುರುತು ಹಾಕಿಕೊಳ್ಳಲು ಅವರಿಗೆ ದಾರಿಯೇ ಇರಲಿಲ್ಲ.

ಇದು ಇನ್‌ಲೈನ್ ಪಂಪ್. ಬೆಂಗಳೂರು ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಆದರೆ ಇಂಥ ಪಂಪನ್ನು ನಮ್ಮವರು ಇವತ್ತಿಗೂ ಕರೆಯುವುದು ಮೈಕೋ ಪಂಪ್ ಎಂದೇ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗರಿಗೆ ಇದರ ಎದುರು ಕೆಲಸವಿಲ್ಲ. ಎಲ್ಲವನ್ನೂ ಕಣ್ಣು, ಕಿವಿ, ಬೆರಳುಗಳಿಂದಲೇ ಓದಬೇಕು.

ನಾನು ಹೋಗುವ ಹೊತ್ತಿಗೆ ಏನೇನು ಆಗಿತ್ತು ಎಂದರೆ: ಎರಡು ಹೊಸ ಬ್ಯಾಟರಿ ಬಂದಿದ್ದವು. ಸ್ಟಾರ್ಟರ್ ಬಿಚ್ಚಿ ಬ್ರಷ್ ಬದಲಿಸಿಯಾಗಿತ್ತು. ಪಂಪನ್ನು ಮತ್ತೆ ಪರೀಕ್ಷೆಯ ಬೆಂಚಿಗೆ ಕಳಿಸುವ ಮಾತು ನಡೆದಿತ್ತು. ಹಿಂದಿನ ದಿನ ಯಾರೋ ಏರ್ ಫಿಲ್ಟರಿನ ಬಾಯಿಗೆ ಈಥರ್ ಸ್ಪ್ರೇ ಹೊಡೆದಿದ್ದರು. ಎಂಜಿನ್ ಮೂರು ಸೆಕೆಂಡ್ ಗುಡುಗಿ ನಿಂತಿತಂತೆ. ಓನರ್ ಅವರ ತಾಯಿಯದ್ದು ಬೇರೆಯೇ ರೋಗನಿರ್ಣಯ: “ಆಟಿಯಲ್ಲಿ ಹೊಸ ಕೆಲಸಕ್ಕೆ ಕೈ ಹಾಕಬೇಡಿ ಅಂತ ಹೇಳಿದ್ದೆ. ಕೇಳಿದ್ರಾ?” ಆಟಿ ಎಂದರೆ ತುಳುವರಿಗೆ ಶುಭಕೆಲಸಕ್ಕೆ ಆಗದ ಮಳೆಗಾಲದ ತಿಂಗಳು.

ಈಥರ್ ಹೊಡೆಯುವುದು ನನಗೆ ಕಂಡರಾಗದು. ಹೊತ್ತಲ್ಲದ ಹೊತ್ತಿಗೆ ಉರಿದು ಪಿಸ್ಟನ್ನಿನ ತಲೆ, ಕನೆಕ್ಟಿಂಗ್ ರಾಡ್ ಎಲ್ಲದಕ್ಕೂ ಸುತ್ತಿಗೆಯೇಟು ಕೊಡುತ್ತದೆ. ಆದರೆ ಆದದ್ದು ಆಗಿತ್ತು, ಅದರಿಂದ ಸಿಗುವ ಸುದ್ದಿಯನ್ನು ಬಿಡುವುದೇಕೆ? ಈಥರ್ ಗಾಳಿಯ ಜೊತೆಗೆ ಒಳಗೆ ಹೋಗಿ ಒತ್ತಡದ ಬಿಸಿಗೇ ಹೊತ್ತಿಕೊಳ್ಳುತ್ತದೆ, ಅದಕ್ಕೆ ಪಂಪಿನ ಹಂಗಿಲ್ಲ. ಮೂರು ಸೆಕೆಂಡ್ ಓಡಿತು ಎಂದರೆ ಕಂಪ್ರೆಷನ್ ತೀರಾ ಕೆಟ್ಟಿಲ್ಲ, ವಾಲ್ವ್ ಟೈಮಿಂಗ್ ತಪ್ಪಿಲ್ಲ. ಸಂಶಯ ಡೀಸೆಲ್ ಕಡೆಗೆ ವಾಲಿತು.

ಪೇಂಟಿನ ಕೆಳಗೆ

ಮೊದಲು ಸೆಲ್ಫ್ ಹೊಡೆಯಲು ಹೇಳಿದೆ. ಸದ್ದು ಕೇಳಿದ ಕೂಡಲೇ ಗೊತ್ತಾಯಿತು, ತಿರುಗುವುದೇ ನಿಧಾನ. “ಊಂ... ಊಂ... ಊಂ” ಎಂದು ಪ್ರತಿ ಕಂಪ್ರೆಷನ್ನಿಗೂ ಏದುಸಿರು. ಕ್ರ್ಯಾಂಕಿನ ತುದಿಯ ದೊಡ್ಡ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಸುಣ್ಣದ ಗೀಟು ಹಾಕಿ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಎಣಿಸಿದೆ: ನಿಮಿಷಕ್ಕೆ ಸುಮಾರು 120 ಸುತ್ತು.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಹಿಂಡಿದಾಗ ಹುಟ್ಟುವ ಬಿಸಿಯೇ ಅದರ ಬೆಂಕಿಪೊಟ್ಟಣ. ನಿಧಾನ ತಿರುಗಿದರೆ ಹಿಂಡಿದ ಗಾಳಿ ರಿಂಗಿನ ಸಂದಿಯಲ್ಲಿ ಸೋರಲು ಪುರುಸೊತ್ತು ಸಿಗುತ್ತದೆ, ಬಿಸಿಯನ್ನು ತಣ್ಣನೆಯ ಗೋಡೆ ಕುಡಿಯುತ್ತದೆ. ಆಟಿಯ ಮಳೆಯಲ್ಲಿ ನೆನೆದು ನಿಂತ ಕಬ್ಬಿಣಕ್ಕೆ 120 ಸುತ್ತು ಸಾಲದು.

ಬ್ಯಾಟರಿ ಹೊಸದು, ಎರಡು ಸೇರಿ 25.2 ವೋಲ್ಟ್ ತೋರಿಸುತ್ತಿತ್ತು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 22.6. ಅಷ್ಟು ಇಳಿಯುವುದು ಸಹಜ. ಬ್ಯಾಟರಿಯಲ್ಲಿ ಉಂಟು, ಸ್ಟಾರ್ಟರಿಗೆ ಸಿಗುತ್ತಿಲ್ಲ, ಹಾಗಾದರೆ ನಡುವೆ ಎಲ್ಲಿಯೋ ಕಳೆದುಹೋಗುತ್ತಿದೆ. ಕಳೆದುಹೋದದ್ದನ್ನು ಹುಡುಕುವ ಕ್ರಮ ಸುಲಭ. ಮಲ್ಟಿಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಬೋಲ್ಟಿಗೆ ಒತ್ತಿ ಸೆಲ್ಫ್ ಹೊಡೆಸಿದೆ: 0.4 ವೋಲ್ಟ್. ಆ ದಾರಿ ಸರಿ. ಈಗ ಒಂದು ಮುಳ್ಳು ನೆಗೆಟಿವ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ಮೈಗೆ. 4.8 ವೋಲ್ಟ್! ಒಂದು ತಂತಿ ಮತ್ತು ಎರಡು ಬೋಲ್ಟಿನಲ್ಲಿ ಇಷ್ಟು ವೋಲ್ಟೇಜ್ ಬಿದ್ದರೆ ಸ್ಟಾರ್ಟರ್ ಪಾಪ ಏನು ಮಾಡೀತು?

ಅರ್ಥ್ ಕೇಬಲನ್ನು ಎಂಜಿನ್ನಿನ ಪಕ್ಕದ ಒಂದು ಬ್ರ್ಯಾಕೆಟಿಗೆ ಕಟ್ಟಿದ್ದರು. ಎಂಜಿನ್ ಕೂರಿಸುವ ಮೊದಲು ಚಂದ ಕಾಣಲಿ ಎಂದು ಎರಡು ಕೋಟು ಬಣ್ಣ ಹೊಡೆದಿದ್ದರು, ಹಸಿರು. ಕೇಬಲಿನ ಲಗ್ (ತುದಿಯ ಲೋಹದ ಬಳೆ) ಆ ಬಣ್ಣದ ಮೇಲೆಯೇ ಕೂತಿತ್ತು. ಬೋಲ್ಟಿನ ಎಳೆಗಳ ಮೂಲಕ ಎಷ್ಟು ಕರೆಂಟ್ ನುಸುಳಿತೋ ಅಷ್ಟೇ. ಮುಟ್ಟಿದೆ, ಬೋಲ್ಟ್ ಸುಡುತ್ತಿತ್ತು, ಅದರ ಸುತ್ತ ಬಣ್ಣ ಗುಳ್ಳೆ ಎದ್ದಿತ್ತು. ನಾಲ್ಕು ದಿನ ಎಲ್ಲರೂ ಅದರ ಪಕ್ಕದಲ್ಲೇ ಕೈ ಆಡಿಸಿದ್ದಾರೆ, ಒಬ್ಬರಿಗೂ ಬಿಸಿ ತಾಗಿಲ್ಲ. ಲಾರಿಯಲ್ಲಾದರೆ ಕರೆಂಟಿಗೆ ಚಾಸಿಸ್ ಎಂಬ ಇನ್ನೊಂದು ಒಳದಾರಿ ಸಿಗಬಹುದು. ಮರದ ಬೋಟಿನಲ್ಲಿ ಆ ಆಸೆಯೂ ಇಲ್ಲ. ನೂರಾರು ಆಂಪಿಯರ್ ಬಂದು ಹೋಗುವುದಕ್ಕೆ ಆ ಒಂದೇ ಕೇಬಲ್.

ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಬಣ್ಣ ಕೆರೆದು, ಎಮರಿ ಕಾಗದ ಉಜ್ಜಿ, ಲಗ್ಗನ್ನು ಸ್ಟಾರ್ಟರಿನ ಬುಡದ ಬೋಲ್ಟಿಗೇ ಕಟ್ಟಿಸಿ, ಮೇಲೆ ಗ್ರೀಸ್ ಸವರಿದೆ. ಇಳಿತ 0.2 ವೋಲ್ಟಿಗೆ ಬಂತು, ತಿರುಗುವಿಕೆ 175 ಸುತ್ತಿಗೆ ಏರಿತು. ಸದ್ದೇ ಬದಲಾಯಿತು.

ಎಂಜಿನ್ ಮಾತ್ರ ಹಿಡಿಯಲಿಲ್ಲ. ಓನರ್ ಮುಖ ಮತ್ತೆ ಬಾಡಿತು. ನನಗೇನೋ ಸಮಾಧಾನವೇ. ಒಂದು ಸುಳ್ಳು ಸಾಕ್ಷಿ ಕಟಕಟೆಯಿಂದ ಕೆಳಗಿಳಿದಿತ್ತು.

ಹೊಗೆಯೇ ಇಲ್ಲ

“ಅಣ್ಣ, ಹೊಗೆಯೇ ಬರುದಿಲ್ಲ,” ಎಂದವನು ಜೊತೆಗಿದ್ದ ಹುಡುಗ. ಸೈಲೆನ್ಸರಿನ ಬಾಯಿ ನೋಡಲು ಅವನನ್ನು ಮೇಲೆ ನಿಲ್ಲಿಸಿದ್ದೆ. ತಿರುಗಿಯೂ ಹಿಡಿಯದ ಡೀಸೆಲ್ ಎಂಜಿನ್ನಿನಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲ ಎಂದರೆ ಡೀಸೆಲ್ಲೇ ಹೋಗುತ್ತಿಲ್ಲ. ಎರಡೂ ಬೇರೆ ಬೇರೆ ದಾರಿ. ಒಂದನ್ನು ಹಿಡಿದವನು ಇನ್ನೊಂದರಲ್ಲಿ ಹುಡುಕಬಾರದು.

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಜಲ್ ಕಡೆಯ ನಟ್ಟು ಸಡಿಲಿಸಿ ತಿರುಗಿಸಿದೆವು. ಪೈಪಿನ ಬಾಯಿ ಒಣ. ಪಂಪಿನ ಏರ್ ಸ್ಕ್ರೂ ಬಿಚ್ಚಿ ಕೈಯಿಂದ ಡೀಸೆಲ್ ಹಾಯಿಸುವ ಹ್ಯಾಂಡ್ ಪ್ರೈಮರ್ ಒತ್ತಿದರೆ ನೊರೆ ನೊರೆ ಡೀಸೆಲ್. ಫಿಲ್ಟರ್ ಹತ್ತಿರದ ಬೋಲ್ಟಿಗೆ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರು. ಎರಡು ಹೊಸ ವಾಷರ್ ಹಾಕಿ, ನೊರೆ ನಿಂತು ಗಟ್ಟಿ ಧಾರೆ ಬರುವ ತನಕ ಏರ್ ತೆಗೆಸಿದೆ. ಇದನ್ನು ದೋಷ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಂಜಿನ್ ಬದಲಿಸಿದ ಯಾವ ಬೋಟಿನಲ್ಲೂ ಇದ್ದೇ ಇರುತ್ತದೆ.

ಆದರೂ ನೋಜಲ್ ಕಡೆ ಒಣಗಿಯೇ ಇತ್ತು. ಪಂಪಿನ ಹೊಟ್ಟೆಯಲ್ಲಿ ಡೀಸೆಲ್ ತುಂಬಿದೆ, ಹೊರಗೆ ಕಳಿಸುವುದಿಲ್ಲ ಎಂದರೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಗದಿ ಮಾಡುವ ಒಳಗಿನ ರ‍್ಯಾಕ್ ಸೊನ್ನೆಯಲ್ಲಿ ನಿಂತಿದೆ ಎಂದೇ ಅರ್ಥ. ಎಂಜಿನ್ ನಿಲ್ಲಿಸಲು ನಾವು ಎಳೆಯುವ ಸ್ಟಾಪ್ ಕೇಬಲ್ ಮಾಡುವ ಕೆಲಸವೂ ಅದೇ. ಬಗ್ಗಿ ಟಾರ್ಚ್ ಹಿಡಿದು ನೋಡಿದರೆ ಪಂಪಿನ ಸ್ಟಾಪ್ ಲಿವರ್ ಅರ್ಧಕ್ಕಿಂತ ಹೆಚ್ಚು ಎಳೆದುಕೊಂಡೇ ನಿಂತಿತ್ತು. ವೀಲ್‌ಹೌಸಿನಲ್ಲಿ ಗುಂಡಿ ಪೂರ್ತಿ ಒಳಗೆ ಒತ್ತಿತ್ತು, ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಹೊಸ ಎಂಜಿನ್ನಿನಲ್ಲಿ ಕೇಬಲಿನ ಹೊರಕವಚ ಹಿಡಿಯುವ ಕ್ಲ್ಯಾಂಪ್ ಎರಡು ಸೆಂಟಿಮೀಟರಿನಷ್ಟು ಆಚೆ ಇತ್ತು. ಅಷ್ಟು ದೂರವನ್ನು ಒಳಗಿನ ತಂತಿ ಎಳೆದು ತುಂಬಿಸಿತ್ತು. ಕ್ಲ್ಯಾಂಪ್ ಸರಿಸಿದೆ. ಲಿವರ್ ಟಕ್ ಎಂದು ತನ್ನ ಜಾಗಕ್ಕೆ ಹೋಯಿತು.

ಈ ಸಲ ಆರೂ ಪೈಪಿನಲ್ಲಿ ಡೀಸೆಲ್ ಚಿಮ್ಮಿತು. ನಟ್ಟು ಬಿಗಿದು ಸೆಲ್ಫ್ ಹೊಡೆಸಿದೆ.

ಬಿಳಿ ಹೊಗೆ

ಬಂತು ಹೊಗೆ. ದಕ್ಕೆಯ ಆ ಮೂಲೆಯೆಲ್ಲ ಮಂಜು ಮುಸುಕಿದ ಹಾಗೆ, ಕಣ್ಣುರಿಸುವ ಹಸಿ ಡೀಸೆಲ್ ವಾಸನೆ. ನಡುನಡುವೆ ಏರ್ ಫಿಲ್ಟರಿನ ಕಡೆಯಿಂದ “ಪಟ್” ಎಂಬ ಸದ್ದು. ಪಕ್ಕದ ಬೋಟಿನಲ್ಲಿ ಬಲೆ ನೇಯುತ್ತಿದ್ದವರು ತುಳುವಿನಲ್ಲಿ ನಾಲ್ಕು ಮಾತು ಸೇರಿಸಿ ಹೇಳಿದರು, ಅದನ್ನು ಇಲ್ಲಿ ಬರೆಯುವಂತಿಲ್ಲ. ಎಂಜಿನ್ ಹಿಡಿಯಲಿಲ್ಲ.

ನಾನು ಎಡವಿದ್ದು ಇಲ್ಲಿ. ಪಂಪ್ ಡೀಸೆಲ್ ಕೊಡುವ ಹೊತ್ತಿನ ಬಗ್ಗೆ ಮೇಸ್ತ್ರಿಗಳನ್ನು ಕೇಳಿದೆ, “ಪಂಪ್ ಟೈಮಿಂಗ್ ನೋಡಿದ್ದೀರಾ?”

“ನೋಡದೆ ಉಂಟಾ? ಫ್ಲೈವೀಲ್ ಮಾರ್ಕ್ ಕೂಡಿಸಿ, ಪಂಪಿನ ಮಾರ್ಕ್ ಕೂಡಿಸಿ, ನಾನೇ ಕೈಯಾರೆ ಬಿಗಿದದ್ದು. ಬೇಕಾದ್ರೆ ಈಗ್ಲೇ ತೋರಿಸ್ತೇನೆ.”

ತೋರಿಸಿದರು. ಫ್ಲೈವೀಲಿನ ಗೀಟು ಸೂಚಿಗೆ ಸರಿಯಾಗಿ ಬಂದಾಗ ಪಂಪನ್ನು ಎಂಜಿನ್ನಿಗೆ ಜೋಡಿಸುವ ಕಪ್ಲಿಂಗಿನ ಗೀಟೂ ಅದರ ಮೈಮೇಲಿನ ಗೀಟಿಗೆ ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ ಕೂಡಿತ್ತು. ನನಗಿಂತ ಹತ್ತು ವರ್ಷ ಹಿರಿಯರು, ಕೈ ಚೊಕ್ಕ. ನಾನು ನಂಬಿ ಬೇರೆ ಕಡೆ ಹೋದೆ.

ಎಲ್ಲಿಗೆಲ್ಲ ಹೋದೆ? ಡೀಸೆಲಿನಲ್ಲಿ ನೀರು ಇರಬಹುದು ಎಂದುಕೊಂಡೆ. ಎರಡು ತಿಂಗಳು ನಿಂತ ಟ್ಯಾಂಕು, ಮಳೆಗಾಲ, ಸಂಶಯ ಸಹಜವೇ. ಗಾಜಿನ ಬಾಟಲಿಗೆ ಬಿಟ್ಟು ಹತ್ತು ನಿಮಿಷ ಇಟ್ಟೆ. ಕೆಳಗೆ ನೀರು ಇಳಿಯಲಿಲ್ಲ. ನೋಜಲ್‌ಗಳು ಸರಿಯಾಗಿ ಸಿಂಪಡಿಸುತ್ತಿಲ್ಲವೋ ಎಂದು ಎರಡನ್ನು ಬಿಚ್ಚಿಸಿ ಅಂಗಡಿಗೆ ಕೊಂಡುಹೋಗಿ ಟೆಸ್ಟರಿಗೆ ಹಾಕಿದೆ. 200 ಬಾರ್ ಆಸುಪಾಸಿನಲ್ಲಿ ಚೆನ್ನಾಗಿಯೇ ಒಡೆಯುತ್ತಿದ್ದವು. ಕಂಪ್ರೆಷನ್ ಗೇಜ್ ತಂದು ನೋಜಲ್ ತೂತಿಗೆ ಕೂರಿಸಿ ಆರೂ ಸಿಲಿಂಡರ್ ನೋಡಿದೆ: 25ರಿಂದ 26 ಬಾರ್, ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ. ಈಥರ್ ಮೂರು ಸೆಕೆಂಡಿನಲ್ಲಿ ಹೇಳಿದ್ದನ್ನು ನಾನು ಮೂರು ಗಂಟೆ ಹಾಕಿ ಮತ್ತೆ ಕೇಳಿಸಿಕೊಂಡಂತಾಯಿತು.

ಸಂಜೆ ನಾಲ್ಕಕ್ಕೆ ದಕ್ಕೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಬೀಡಿ ಪೊಟ್ಟಣದ ಹಿಂದೆ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ ಗೀಚಿದೆ: 1-5-3-6-2-4. ಗಾಳಿ ಉಂಟು, ಬಿಸಿ ಉಂಟು, ಡೀಸೆಲ್ ಉಂಟು, ಸಿಂಪಡಿಕೆ ಉಂಟು. ಇನ್ನು ಉಳಿದದ್ದು ಹೊತ್ತು ಒಂದೇ. ಹೊತ್ತು ತಪ್ಪಿಲ್ಲ ಎನ್ನುವುದಕ್ಕೆ ಇದ್ದ ಸಾಕ್ಷಿ ಎರಡು ಗೀಟು ಮಾತ್ರ. ಆ ಗೀಟುಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ನಾಲ್ಕು ಸ್ಟ್ರೋಕಿನ ಎಂಜಿನ್. ಹೀರುವುದು, ಹಿಂಡುವುದು, ಉರಿಯುವುದು, ಉಗುಳುವುದು, ಇಷ್ಟಕ್ಕೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಫ್ಲೈವೀಲ್ ಕ್ರ್ಯಾಂಕಿಗೇ ಕಟ್ಟಿದ್ದು, ಆದ್ದರಿಂದ ಅದರ ಗೀಟು ಆ ಎರಡು ಸುತ್ತಿನಲ್ಲಿ ಎರಡು ಸಲ ಸೂಚಿಗೆ ಬರುತ್ತದೆ. ಒಮ್ಮೆ ಒಂದನೇ ಸಿಲಿಂಡರಿನಲ್ಲಿ ಗಾಳಿ ಹಿಂಡಿ ಮುಗಿಯುವಾಗ, ಇನ್ನೊಮ್ಮೆ ಹೊಗೆ ಉಗುಳಿ ಮುಗಿಯುವಾಗ. ಎರಡು ಸಲವೂ ಪಿಸ್ಟನ್ ಟಾಪಿನಲ್ಲೇ, ಗೀಟು ಸೂಚಿಯ ಮೇಲೆಯೇ. ಪಂಪ್ ಹಾಗಲ್ಲ, ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಅದರ ಗೀಟು ಎರಡು ಸುತ್ತಿಗೆ ಒಮ್ಮೆ ಮಾತ್ರ ಕೂಡುತ್ತದೆ. ಪಂಪಿನ ಗೀಟು ಸತ್ಯ ಹೇಳುತ್ತದೆ. ಫ್ಲೈವೀಲ್ ಗೀಟು ಅರ್ಧ ಸತ್ಯ ಹೇಳುತ್ತದೆ.

ಚಾ ಅರ್ಧಕ್ಕೇ ಬಿಟ್ಟು ಎದ್ದೆ. ಮೇಸ್ತ್ರಿಗಳನ್ನು ಬೆಳಿಗ್ಗೆ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. “ಮಾರ್ಕ್ ಕೂಡಿಸುವಾಗ ಟ್ಯಾಪೆಟ್ ಕವರ್ ತೆಗೆದಿದ್ರಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಲ್ಲ. ಪೇಂಟ್ ಹಸಿ ಇತ್ತು.” ವಾಲ್ವ್‌ಗಳ ಮೇಲಿನ ಆ ಮುಚ್ಚಳ ತೆಗೆಯದಿದ್ದರೆ ಒಂದನೇ ಸಿಲಿಂಡರ್ ಹಿಂಡುತ್ತಿದೆಯೋ ಉಗುಳುತ್ತಿದೆಯೋ ಕಾಣುವುದಿಲ್ಲ.

ಬೆರಳಿಗೆ ಸಿಕ್ಕಿದ ಸಾಕ್ಷಿ

ಅಂದಾಜಿನ ಮೇಲೆ ಕಪ್ಲಿಂಗ್ ಬಿಚ್ಚಿಸುವುದು ನನಗೆ ಇಷ್ಟವಿಲ್ಲ. ಒಮ್ಮೆ ಬಿಚ್ಚಿದರೆ ಇದ್ದ ಸಾಕ್ಷಿಯೂ ಅಳಿಸಿಹೋಗುತ್ತದೆ. ಮೊದಲು ಕಣ್ಣಾರೆ ಕಾಣಬೇಕು.

ಟ್ಯಾಪೆಟ್ ಕವರ್ ತೆಗೆಸಿದೆ. ಒಂದನೇ ನೋಜಲಿನ ಪೈಪನ್ನು ಮೇಲ್ಗಡೆ ಬಿಚ್ಚಿ, ಬಾಯಿ ಆಕಾಶಕ್ಕೆ ಇರುವ ಹಾಗೆ ತುಸು ಬಾಗಿಸಿ, ಬಟ್ಟೆಯಿಂದ ಒರೆಸಿದೆ. ಆಕ್ಸಿಲರೇಟರ್ ಪೂರ್ತಿ ಎಳೆದು ಕಟ್ಟಿದೆ. ಹುಡುಗ ಫ್ಲೈವೀಲಿನ ಹಲ್ಲಿಗೆ ಕಬ್ಬಿಣದ ಸರಳು ಕೊಟ್ಟು ಇಂಚಿಂಚಾಗಿ ತಿರುಗಿಸತೊಡಗಿದ. ಬೋಟಿನ ಹೊಟ್ಟೆಯೊಳಗೆ ಮಾತಿಲ್ಲ. ಮೇಲೆ ತಗಡಿನ ಮೇಲೆ ಮಳೆ.

ಪೈಪಿನ ಬಾಯಲ್ಲಿದ್ದ ಡೀಸೆಲ್ ಮೊದಲು ತಟಸ್ಥ. ಹುಡುಗ ಇನ್ನೂ ಒಂದು ಹಲ್ಲು ತಿರುಗಿಸಿದ. ಡೀಸೆಲಿನ ಮೇಲ್ಮೈ ನಡುಗಿತು, ಹೊಟ್ಟೆಯುಬ್ಬಿದ ಹಾಗೆ ಉಬ್ಬಿತು, ಅಂಚು ದಾಟಿ ಒಂದು ಹನಿ ಪೈಪಿನ ಹೊರಮೈಯಲ್ಲಿ ಜಾರಿತು. “ನಿಲ್ಲು” ಎಂದೆ. ಪಂಪ್ ಒಂದನೇ ಸಿಲಿಂಡರಿಗೆ ಡೀಸೆಲ್ ಕೊಡುವ ಹೊತ್ತು ಇದೇ.

ಆಗ ಒಂದನೇ ಸಿಲಿಂಡರಿನ ವಾಲ್ವ್‌ಗಳು ಎರಡೂ ಮುಚ್ಚಿರಬೇಕು, ಅವುಗಳನ್ನು ಒತ್ತುವ ರಾಕರ್‌ಗಳು ಸಡಿಲ ಇರಬೇಕು. ಬೆರಳಿಟ್ಟು ನೋಡಿದೆ. ಬಿಗಿ. ಎಗ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿಲ್ಲ, ಇನ್‌ಲೆಟ್ ಆಗಲೇ ತೆರೆಯಲು ಹೊರಟಿದೆ. ಕೈಯನ್ನು ಆ ತುದಿಗೆ ಚಾಚಿ ಆರನೆಯದರ ರಾಕರ್ ಮುಟ್ಟಿದೆ. ಎರಡೂ ಬೆರಳಿಗೆ ಟಕ್ ಟಕ್ ಎಂದು ಅಲ್ಲಾಡಿದವು. ಹಿಂಡಿ ಸಿದ್ಧವಾಗಿ ಡೀಸೆಲಿಗೆ ಕಾಯುತ್ತಿರುವುದು ಆರು, ಪಂಪ್ ಬಡಿಸುತ್ತಿರುವುದು ಒಂದಕ್ಕೆ. ಬೀಡಿ ಪೊಟ್ಟಣದ ಲೆಕ್ಕ ನೋಡಿದರೆ 1ಕ್ಕೆ 6, 5ಕ್ಕೆ 2, 3ಕ್ಕೆ 4. ಆರಕ್ಕೆ ಆರೂ ಹೀಗೇ ಜೊತೆ ತಪ್ಪಿದ್ದವು. ಊಟ ಮುಗಿಸಿ ಕೈ ತೊಳೆಯುವವನ ಎಲೆಗೆ ಅನ್ನ ಹಾಕಿದ ಹಾಗೆ, ಉಗುಳುವ ಸ್ಟ್ರೋಕಿನ ಕೊನೆಯಲ್ಲಿ ಡೀಸೆಲ್ ಬೀಳುತ್ತಿತ್ತು. ಹೆಚ್ಚಿನದು ಹಾಗೇ ಹೊಗೆಯಾಗಿ ಹೊರಗೆ, ಉಳಿದದ್ದು ಗಾಳಿಯ ಜೊತೆ ಸೇರಿ ಆಗೊಮ್ಮೆ ಈಗೊಮ್ಮೆ “ಪಟ್”.

ಮೇಸ್ತ್ರಿಗಳೂ ಬೆರಳಿಟ್ಟು ನೋಡಿದರು. ಏನೂ ಹೇಳಲಿಲ್ಲ, ಸ್ಪ್ಯಾನರ್ ಎತ್ತಿಕೊಂಡರು.

ಈ ಎಂಜಿನ್ನಿನಲ್ಲಿ ಪಂಪನ್ನು ತಿರುಗಿಸುವ ಶಾಫ್ಟಿಗೂ ಪಂಪಿಗೂ ನಡುವೆ ಎರಡು ಬೋಲ್ಟಿನ ಕಪ್ಲಿಂಗ್. ಎದುರುಬದುರು ಎರಡು ತೂತು, ಹೀಗೂ ಕೂರುತ್ತದೆ, ಹಾಗೂ ಕೂರುತ್ತದೆ. ತಪ್ಪು ಮಾಡುವವನನ್ನು ಅದು ತಡೆಯುವುದಿಲ್ಲ. ಹಳೆಯ ಎಂಜಿನ್ ತಿರುಗುವಂತಿದ್ದರೆ ಬಿಚ್ಚುವ ಮುಂಚೆಯೇ ಒಂದನೇ ಸಿಲಿಂಡರನ್ನು ಕಂಪ್ರೆಷನ್ ಟಾಪಿಗೆ ತಂದು ಪಂಪಿನ ಗೀಟು ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳುತ್ತಿದ್ದರು, ಆ ಅಭ್ಯಾಸ ಅವರಿಗೆ ಇದ್ದೇ ಇತ್ತು. ಎಂಜಿನ್ ಹಿಡಿದುಕೊಂಡದ್ದು ಆ ಹೆಜ್ಜೆಯನ್ನು ನುಂಗಿಬಿಟ್ಟಿತು.

ಬೋಲ್ಟ್ ಬಿಚ್ಚಿ, ಪಂಪ್ ಅಲ್ಲಾಡದ ಹಾಗೆ ಹಿಡಿದು, ಎಂಜಿನ್ನನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿ, ಮತ್ತೆ ಕಟ್ಟಿದೆವು. ಕೆಲಸ ಇಪ್ಪತ್ತು ನಿಮಿಷದ್ದು. ಅಷ್ಟಕ್ಕೇ ಬಿಡದೆ ಸ್ಪಿಲ್ ಟೈಮಿಂಗ್ ಕೂಡ ನೋಡಿದೆ. ಪಂಪಿನ ಒಂದನೇ ಡೆಲಿವರಿ ವಾಲ್ವ್ ತೆಗೆದು, ಹಂಸದ ಕೊರಳಿನ ಹಾಗೆ ಬಾಗಿದ ಪೈಪ್ ಕೂರಿಸಿ, ಪ್ರೈಮರ್ ಒತ್ತುತ್ತಾ ಫ್ಲೈವೀಲ್ ತಿರುಗಿಸುವುದು. ಧಾರೆ ಸಣ್ಣದಾಗಿ ಹನಿಯಾಗುವ ಜಾಗವೇ ಪಂಪ್ ಡೀಸೆಲ್ ಒತ್ತಲು ಶುರು ಮಾಡುವ ಜಾಗ. ಎಂಜಿನ್ ಪ್ಲೇಟಿನ ಮೇಲೆ ಟಾಪಿಗಿಂತ 20 ಡಿಗ್ರಿ ಮುಂಚೆ ಎಂದಿತ್ತು. ಫ್ಲೈವೀಲಿನ ವ್ಯಾಸ 400 ಮಿಲಿಮೀಟರ್, ಸುತ್ತಳತೆ ಸುಮಾರು 1257. ಒಂದು ಡಿಗ್ರಿಗೆ ಮೂರೂವರೆ ಮಿಲಿಮೀಟರ್, 20 ಡಿಗ್ರಿಗೆ 70. ಟೇಪ್ ಹಿಡಿದರೆ 59ಕ್ಕೇ ಬಂತು, ಅಂದರೆ ಮೂರು ಡಿಗ್ರಿ ತಡ. ಕಪ್ಲಿಂಗಿನ ತೂತುಗಳು ಉದ್ದಕ್ಕೆ ಇರುವುದು ಇದಕ್ಕಾಗಿಯೇ. ತುಸು ಸರಿಸಿ 70ಕ್ಕೆ ತಂದು ಬಿಗಿಸಿದೆ.

ಸೆಲ್ಫ್ ಹೊಡೆಯುವ ಮೊದಲು

ಎಲ್ಲರಿಗೂ ಈಗಲೇ ಸ್ಟಾರ್ಟ್ ಮಾಡುವ ಅವಸರ. ತಾಂಡೇಲ ಮೇಲಿನಿಂದ “ಆಂಡಾ?” (ಆಯ್ತಾ?) ಎಂದು ಎರಡು ಸಲ ಕೂಗಿದ. ನಾನು ಆಯಿಲ್ ಕಡ್ಡಿ ಎಳೆದು ತೋರಿಸಿದೆ. ಮೇಲಿನ ಗೀಟಿಗಿಂತ ಒಂದು ಸೆಂಟಿಮೀಟರ್ ಮೇಲಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಮಧ್ಯಾಹ್ನದಿಂದ ಒಳಗೆ ಬಿದ್ದು ಉರಿಯದ ಡೀಸೆಲ್ ಸಿಲಿಂಡರಿನ ಗೋಡೆ ತೊಳೆದುಕೊಂಡು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿದಿತ್ತು. ಅದೇ ಆಯಿಲಿನಲ್ಲಿ ಓಡಿಸಿದರೆ ಬೇರಿಂಗಿಗೆ ಕುತ್ತು, ಹಳೆಯ ಎಂಜಿನ್ ಹೋದದ್ದೂ ಹಾಗೆಯೇ ಅಲ್ಲವೇ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಡೀಸೆಲ್ ಬೆರೆತ ಆಯಿಲಿನ ಆವಿಯನ್ನೇ ಹೀರಿಕೊಂಡು ಎಂಜಿನ್ ಹತೋಟಿ ತಪ್ಪಿ ಓಡಬಹುದು, ಆಗ ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ. ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿಸಿದೆವು. ಏರ್ ಫಿಲ್ಟರ್ ತೆಗೆದಿಟ್ಟು, ಗಾಳಿಯ ಬಾಯಿ ಮುಚ್ಚಲು ಒಂದು ದಪ್ಪ ಹಲಗೆ ತುಂಡನ್ನು ಮೇಸ್ತ್ರಿಗಳ ಕೈಗೆ ಕೊಟ್ಟೆ. ಬೇಕಾಗಲಿಲ್ಲ, ಆದರೆ ಹಲಗೆ ಹತ್ತಿರ ಇಲ್ಲದೆ ನಾನು ಇಂಥ ಎಂಜಿನ್ ಸ್ಟಾರ್ಟ್ ಮಾಡಿಸುವುದಿಲ್ಲ.

ಮೊದಲು ಸ್ಟಾಪ್ ಎಳೆದು ಹಿಡಿದು ಹತ್ತು ಸೆಕೆಂಡ್ ತಿರುಗಿಸಿದೆವು, ಆಯಿಲ್ ಮೇಲಕ್ಕೆ ಏರಲಿ ಎಂದು. ಎರಡು ನಿಮಿಷ ಬಿಟ್ಟು ಸ್ಟಾಪ್ ಬಿಟ್ಟೆವು. ಎರಡನೇ ಸುತ್ತಿಗೋ ಮೂರನೇ ಸುತ್ತಿಗೋ ಹಿಡಿಯಿತು. ಮೊದಲು ಮೂರು ಸಿಲಿಂಡರ್, ಆಮೇಲೆ ನಾಲ್ಕು, ಒಂದು ನಿಮಿಷದೊಳಗೆ ಆರೂ. ಸೈಲೆನ್ಸರಿನಲ್ಲಿ ತುಂಬಿದ್ದ ಹಸಿ ಡೀಸೆಲ್ ಉರಿದು ಮುಗಿಯುವ ತನಕ ಐದು ನಿಮಿಷ ಬಿಳಿ ಹೊಗೆ ಹೋಯಿತು. ಪಕ್ಕದ ಬೋಟಿನವರು ಮತ್ತೆ ಬೈದರು. ಆಮೇಲೆ ಹೊಗೆ ತಿಳಿಯಾಯಿತು.

ಲೆಕ್ಕ ಹಾಕಿದರೆ ಈ ರಿಪೇರಿಗೆ ಹಿಡಿದದ್ದು ಒಂದಷ್ಟು ತಾಮ್ರದ ವಾಷರ್, ಒಂದು ಹ್ಯಾಕ್ಸಾ ಬ್ಲೇಡಿನ ತುಂಡು, ಸಂಪು ತುಂಬ ಆಯಿಲ್, ಒಂದು ಫಿಲ್ಟರ್. ಎರಡು ಹೊಸ ಬ್ಯಾಟರಿಯ ದುಡ್ಡು ಮಾತ್ರ ಹೋದದ್ದೇ. ಹಳೆಯ ಬ್ಯಾಟರಿಗಳು ಸರಿಯೇ ಇದ್ದವು, ಈಗ ಓನರ್ ಮನೆಯ ಇನ್ವರ್ಟರಿಗೆ ಒಂದು, ಅವರ ತಮ್ಮನ ಮನೆಗೆ ಒಂದು. ಪಂಪನ್ನು ಬೆಂಚಿಗೆ ಕಳಿಸಿದ್ದರೆ ಇನ್ನೂ ಮೂರು ದಿನ ಹೋಗುತ್ತಿತ್ತು, ಬಂದ ಮೇಲೆ ಅದೇ ಗೀಟಿಗೆ ಅದೇ ಗೀಟು ಕೂಡಿಸಿ ಅದೇ ಬಿಳಿ ಹೊಗೆ ನೋಡುತ್ತಿದ್ದರು.

ಅರ್ಥ್ ಕೆಟ್ಟದ್ದು, ಸ್ಟಾಪ್ ಲಿವರ್ ಎಳೆದದ್ದು, ಟೈಮಿಂಗ್ ಒಂದು ಸುತ್ತು ತಪ್ಪಿದ್ದು, ಮೂರೂ ಕೈ ಬಿದ್ದ ಜಾಗಗಳೇ. ಎಂಜಿನ್ನಿನೊಳಗೆ ಯಾವ ದೋಷವೂ ಇರಲಿಲ್ಲ. ಸ್ಟಾಪ್ ಲಿವರ್ ಎಳೆದುಕೊಂಡಿದ್ದರಿಂದ ಹೊಗೆ ಬರಲಿಲ್ಲ, ಹೊಗೆ ಬಾರದ್ದರಿಂದ ಟೈಮಿಂಗ್ ತಪ್ಪಿದ್ದು ನಾಲ್ಕು ದಿನ ಯಾರಿಗೂ ಕಾಣಲಿಲ್ಲ. ಬೆಳಿಗ್ಗೆಯೇ ಟ್ಯಾಪೆಟ್ ಕವರ್ ತೆಗೆಸಿದ್ದರೆ ನನ್ನ ಅರ್ಧ ದಿನವೂ ಉಳಿಯುತ್ತಿತ್ತು.

ಬೋಟು ಒಂದನೇ ತಾರೀಕಿಗೆ ಹೊರಡಲಿಲ್ಲ. ಕಡಲು ಏರಿತ್ತು, ಎರಡು ದಿನ ತಡವಾಗಿ ಹೋಯಿತು. ಈಗ ಒಂದೇ ದೂರು ಉಳಿದಿದೆ. ಲಾರಿಯ ಎಂಜಿನ್ನಿನ ಜೊತೆ ಬಂದ ಆಲ್ಟರ್ನೇಟರಿನಲ್ಲಿ ಆರ್‌ಪಿಎಂ ಮೀಟರಿಗೆ ಕೊಡುವ ಟರ್ಮಿನಲ್ ಇಲ್ಲ, ವೀಲ್‌ಹೌಸಿನ ಮುಳ್ಳು ಸೊನ್ನೆಯಲ್ಲೇ ಮಲಗಿದೆ. ಅದರ ಬದಲಿಗೆ ಹಳೆಯ ಎಂಜಿನ್ನಿನ ಆಲ್ಟರ್ನೇಟರ್ ಹಾಕಿ ಕೊಡುತ್ತೇನೆ ಎಂದರೆ ತಾಂಡೇಲ ಒಪ್ಪುವುದಿಲ್ಲ. ಇಪ್ಪತ್ತು ವರ್ಷದಿಂದ ಕಿವಿಯಲ್ಲೇ ಓಡಿಸಿದ್ದಂತೆ. ಜೊತೆಗೆ, ಓಡುತ್ತಿರುವ ಎಂಜಿನ್ನಿಗೆ ನನ್ನನ್ನು ಇನ್ನೊಮ್ಮೆ ಕೈ ಹಾಕಲು ಬಿಡುವ ಮನಸ್ಸೂ ಅವನಿಗಿಲ್ಲ.